ಶೈಲಾಕ್‌ಗೆ ಒಂದು ಪತ್ರ, ಡಿಪೋ ಮ್ಯಾನೇಜರ್‌ಗೆ ಇನ್ನೊಂದು: ಹತ್ತನೇ ಕ್ಲಾಸಿನ ಇಂಗ್ಲಿಷ್ ಪಾಠದಲ್ಲಿ ನನ್ನ ಅನುಭವ

ನಮ್ಮ ಕಡೆ ಹೈಸ್ಕೂಲ್ ಇಂಗ್ಲಿಷ್ ಅಂದ್ರೆ ಪದ್ಯ ಒಂದು ಖಾನೆ, ಲೆಟರ್ ರೈಟಿಂಗ್ ಇನ್ನೊಂದು ಖಾನೆ. ಪದ್ಯಕ್ಕೆ ಸಮರಿ, ಫಿಗರ್ ಆಫ್ ಸ್ಪೀಚ್, ಕ್ವೋಟ್ ಫ್ರಮ್ ಮೆಮೊರಿ. ಲೆಟರ್‌ಗೆ ಫಾರ್ಮ್ಯಾಟ್, ಫ್ರಮ್ ಅಡ್ರೆಸ್, ಟು ಅಡ್ರೆಸ್, ಅಷ್ಟೇ. ನಾನು ಎರಡನ್ನೂ ಒಂದೇ ಪ್ರಶ್ನೆಯಿಂದ ಶುರು ಮಾಡ್ತೀನಿ: ಇಲ್ಲಿ ಯಾರು ಯಾರಿಗೆ ಹೇಳ್ತಿದ್ದಾರೆ, ಕೇಳಿಸ್ಕೊಳ್ಳೋರಿಂದ ಅವರಿಗೆ ಏನಾಗ್ಬೇಕಿದೆ? ಸಾಹಿತ್ಯ ವಿಶ್ಲೇಷಣೆಗೂ ಇದೇ, ಮನವೊಲಿಸೋ ಬರವಣಿಗೆಗೂ ಇದೇ, ಕನ್ನಡ ಮೀಡಿಯಂ ಮಕ್ಕಳಿಗೆ ಇದಕ್ಕಿಂತ ಸಲೀಸಾದ ದಾರಿ ನನಗೆ ಸಿಕ್ಕಿಲ್ಲ.

ವರ್ಷದ ಆರಂಭದಲ್ಲೇ ಆರ್.ಕೆ. ನಾರಾಯಣ್ ಅವರ ‘ಎ ಹೀರೋ’ ಕಥೆ ಇರೋದ್ರಿಂದ ಅಲ್ಲಿಂದಲೇ ಹಿಡೀತೀನಿ. ಹುಲಿ ಜೊತೆ ಹೋರಾಡಿದ ಹಳ್ಳಿ ಹುಡುಗನ ಸುದ್ದಿನ ಸ್ವಾಮಿ ಅನ್ನೋ ಹುಡುಗನಿಗೆ ಅವನ ಅಪ್ಪ ಪೇಪರಲ್ಲಿ ತೋರಿಸ್ತಾರೆ, ಧೈರ್ಯಾನೇ ಎಲ್ಲಾ ಅಂತಾರೆ, ಹಾಗಾದ್ರೆ ನೀನು ಇವತ್ತು ಆಫೀಸ್ ರೂಮಲ್ಲಿ ಒಬ್ನೇ ಮಲಗು ಅಂತಾರೆ. ಸ್ವಾಮಿ ಮುಂದಿನ ತಿಂಗಳು ಒಂದನೇ ತಾರೀಖಿಂದ ಮಲಗ್ತೀನಿ ಅಂತ ದಿನ ತಳ್ಳೋಕೆ ನೋಡ್ತಾನೆ. ಯಾರ ವಾದ ಗೆದ್ದಿತು ಅಂತ ಕೇಳ್ದಾಗ ಹಿಂದಿನ ಬೆಂಚಿನ ಒಬ್ಬ, ಸಮರಿ ಅಂದ್ರೆ ಓಡಿಹೋಗೋ ಹುಡುಗ, “ಅಪ್ಪ ಗೆದ್ದಿದ್ದು ವಾದದಿಂದ ಅಲ್ಲ ಮೇಡಂ, ಅಪ್ಪ ಆಗಿರೋದ್ರಿಂದ” ಅಂದ. ಇದು ನಿಜವಾದ ವಿಶ್ಲೇಷಣೆ, ಗೈಡಲ್ಲಿ ಸಿಗಲ್ಲ.

ಆದ್ರೆ ಈ ಕೆಲಸಕ್ಕೆ ನಿಜವಾಗಿ ಹೇಳಿ ಮಾಡಿಸಿದ ಪಾಠ ಅಂದ್ರೆ ‘ಕ್ವಾಲಿಟಿ ಆಫ್ ಮರ್ಸಿ’. ಮಕ್ಕಳು ಇದನ್ನ ದಯೆ ಮೇಲೆ ಬರೆದ ಪದ್ಯ ಅಂದ್ಕೊಂಡು, ದಯೆ ಮಳೆ ಥರ, ಸಿಮಿಲಿ (ಉಪಮೆ), ಅಂತ ಬಾಯಿಪಾಠ ಮಾಡಿ ಮುಗಿಸ್ತಾರೆ. ಆದ್ರೆ ಅದು ಕೋರ್ಟಲ್ಲಿ ಆಡಿದ ಮಾತು, ಷೇಕ್ಸ್‌ಪಿಯರ್‌ನ ವೆನಿಸ್ ವ್ಯಾಪಾರಿ ನಾಟಕದ ನಾಲ್ಕನೇ ಅಂಕದಲ್ಲಿ ಬರುತ್ತೆ. 3000 ಡಕಟ್ (ಆಗಿನ ಚಿನ್ನದ ನಾಣ್ಯ) ಸಾಲ ವಾಪಸ್ ಬರಲಿಲ್ಲ ಅಂತ, ಕರಾರಿನ ಪ್ರಕಾರ ವ್ಯಾಪಾರಿ ಆಂಟೋನಿಯೋ ಮೈಯಿಂದ ಒಂದು ಪೌಂಡ್ ಮಾಂಸ ಬೇಕೇ ಬೇಕು ಅಂತ ಸಾಲ ಕೊಟ್ಟ ಯೆಹೂದಿ ಶೈಲಾಕ್ ನಿಂತಿದ್ದಾನೆ, ವಕೀಲನ ವೇಷದಲ್ಲಿ ಪೋರ್ಷಿಯಾ ಬಂದಿದ್ದಾಳೆ. ನಾನು ಮಾಡೋದು ಏನಂದ್ರೆ, ಆ ಮಾತಿನ ಹಿಂದೆ ಮುಂದೆ ಇರೋ ನಾಲ್ಕೈದು ಸಂಭಾಷಣೆನ ಕನ್ನಡದಲ್ಲಿ ಬೋರ್ಡ್ ಮೇಲೆ ಬರೀತೀನಿ. ಹಾಗಾದ್ರೆ ಯೆಹೂದಿ ದಯೆ ತೋರಿಸ್ಲೇಬೇಕು ಅಂತಾಳೆ ಅವಳು. ತೋರಿಸ್ಲೇಬೇಕು ಅಂದ್ರೆ ಯಾವ ಬಲವಂತಕ್ಕೆ, ಹೇಳು ನೋಡೋಣ ಅಂತಾನೆ ಅವನು. ಆಮೇಲೆ ಶುರುವಾಗುತ್ತೆ, ದಯೆ ಬಲವಂತದಿಂದ ಬರೋದಲ್ಲ ಅನ್ನೋ ಮೊದಲ ಸಾಲು. ಇಷ್ಟು ನೋಡಿದ್ರೆ ಸಾಕು, ಅದು ಉಪದೇಶ ಅಲ್ಲ, ಒಂದು ಪ್ರಶ್ನೆಗೆ ಕೊಟ್ಟ ಉತ್ತರ ಅಂತ ಮಕ್ಕಳಿಗೆ ತಾನಾಗೇ ಗೊತ್ತಾಗುತ್ತೆ.

ಆಮೇಲೆ ಕೇಳ್ತೀನಿ, ಇಷ್ಟು ಚೆಂದ ಮಾತಾಡಿದ್ಳಲ್ಲ, ಶೈಲಾಕ್ ಒಪ್ಪಿದ್ನಾ? ಒಪ್ಪಲ್ಲ. ನನ್ನ ಕೆಲಸದ ಫಲ ನನ್ನ ತಲೆ ಮೇಲಿರ್ಲಿ, ನನಗೆ ಕಾನೂನು ಬೇಕು ಅಂತಾನೆ. ಕೊನೆಗೆ ಪೋರ್ಷಿಯಾ ಗೆಲ್ಲೋದು ದಯೆ ಮಾತಿಂದ ಅಲ್ಲ, ಕರಾರಲ್ಲಿ ಮಾಂಸ ಅಂತಿದೆ, ರಕ್ತದ ಹನಿ ಅಂತ ಇಲ್ಲ ಅನ್ನೋ ಕಾನೂನಿನ ಪಾಯಿಂಟಿಂದ. ಜಗತ್ತೇ ಹೊಗಳೋ ಭಾಷಣ ಎದುರಿಗಿದ್ದ ಒಬ್ಬ ಮನುಷ್ಯನ್ನ ಅಲುಗಾಡಿಸ್ಲಿಲ್ಲ, ಯಾಕೆ? ಪೂರ್ತಿ ಪೀರಿಯಡ್ ಇದಕ್ಕೇ ಕೊಡ್ತೀನಿ. ಒಬ್ಬ ಹುಡುಗಿ ಬೋರ್ಡ್ ನೋಡ್ತಾ ನೋಡ್ತಾ ಹೇಳಿದ್ದು ನನಗೆ ಈಗ್ಲೂ ಖುಷಿ ಕೊಡುತ್ತೆ: ಮೇಡಂ, ಮೊದ್ಲು ಪೋರ್ಷಿಯಾ ನಿನ್ನ ಹೆಸರು ಶೈಲಾಕ್ ಅಲ್ವಾ ಅಂತ ಕೇಳಿದ್ಳು, ಅವನು ಹೌದು ಅಂದ, ಆದ್ರೂ ದಯೆ ಬಗ್ಗೆ ಹೇಳಿ ಮುಗಿಸಿದ ಮೇಲೆ ಮತ್ತೆ ‘ಯೆಹೂದಿ’ ಅಂತಾನೇ ಕರೀತಾಳಲ್ಲ, ಹೆಸರು ಗೊತ್ತಿದ್ರೂ ಜಾತಿ ಹಿಡಿದು ಕರೆದ್ರೆ ಯಾರು ಕೇಳ್ತಾರೆ? ಆಂಟೋನಿಯೋ ಅವನ ಮುಖಕ್ಕೆ ಉಗಿದಿದ್ದ ವಿಷಯನೂ ಆಗ ಹೇಳ್ದೆ. ಕ್ಲಾಸ್ ಪೂರ್ತಿ ಗದ್ದಲ, ಅರ್ಧ ಜನ ಶೈಲಾಕ್ ಪಾರ್ಟಿ.

ಆ ಗದ್ದಲ ಆರೋದ್ರೊಳಗೆ ಬರವಣಿಗೆಗೆ ಕೂರಿಸ್ಬೇಕು. ಪೋರ್ಷಿಯಾ ಬದಲು ನೀವು ಶೈಲಾಕ್‌ಗೆ ಪತ್ರ ಬರೀರಿ, ಆಂಟೋನಿಯೋನ ಬಿಡೋ ಹಾಗೆ ಮಾಡಿ. ಮೊದಲು ಕನ್ನಡದಲ್ಲಿ ವಾದ, ಅವನಿಗೆ ಏನು ನೋವಾಗಿದೆ, ಏನು ಬೇಕು, ಯಾವುದಕ್ಕೆ ಹೆದರ್ತಾನೆ. ವಾದ ಗಟ್ಟಿ ಆದ್ಮೇಲೆ ಇಂಗ್ಲಿಷ್. ಎರಡನ್ನೂ ಒಟ್ಟಿಗೆ ಹೇರಿದ್ರೆ ಮಕ್ಕಳು ಗೊತ್ತಿರೋ ಇಂಗ್ಲಿಷ್‌ಗೆ ಎಷ್ಟು ಸಿಗುತ್ತೋ ಅಷ್ಟೇ ಯೋಚನೆ ಮಾಡ್ತಾರೆ. ಮೊದಲ ಡ್ರಾಫ್ಟಲ್ಲಿ ಜಾಸ್ತಿ ಜನ ದಯವಿಟ್ಟು ಬಿಟ್ಬಿಡಿ, ದೇವರು ನೋಡ್ತಾನೆ ಅಂತಾನೇ ಬರೆದಿದ್ರು, ಅಂದ್ರೆ ಪೋರ್ಷಿಯಾ ಹೇಳಿದ್ದೇ. ನಾನು ಸ್ಪೆಲ್ಲಿಂಗ್ ಮುಟ್ಟಲ್ಲ, ಮಾರ್ಜಿನಲ್ಲಿ ಒಂದೇ ಮಾತು ಬರೀತೀನಿ: ಇದಕ್ಕೆ ಶೈಲಾಕ್ ಏನಂತಾನೆ? ಎರಡನೇ ಡ್ರಾಫ್ಟಲ್ಲಿ ಒಬ್ಬ ಬರೆದ, ನೀನು ಚಾಕು ಹಾಕಿದ್ರೆ ಊರು ನಿನ್ನ ಚಾಕುನ ನೆನಪಿಟ್ಕೊಳ್ಳುತ್ತೆ, ಬಿಟ್ರೆ ಅವನು ಉಗಿದಿದ್ದನ್ನ ನೆನಪಿಟ್ಕೊಳ್ಳುತ್ತೆ ಅಂತ. ಇಂಗ್ಲಿಷಲ್ಲಿ ಎರಡು ಇಫ್ ಕ್ಲಾಜ್ (‘ಇಫ್’ ಇರೋ ಉಪವಾಕ್ಯ), ಟೆನ್ಸ್ ಒಂದು ಕಡೆ ತಪ್ಪಿತ್ತು. ಅದನ್ನೇ ಬೋರ್ಡ್ ಮೇಲೆ ಹಾಕಿ ಇಫ್ ಕ್ಲಾಜ್ ಪಾಠನೂ ಮಾಡ್ದೆ, ಗ್ರಾಮರ್ ಪೀರಿಯಡ್ ಬೇರೆ ಬೇಕಾಗ್ಲಿಲ್ಲ. ಸಿಲೆಬಸ್ ಮುಗಿಯಲ್ಲ ಅನ್ನೋ ಟೀಚರ್‌ಗಳಿಗೆ ನನ್ನ ಉತ್ತರ ಇದೇ.

ಇದಾದ್ಮೇಲೆ ನಿಜವಾದ ಪತ್ರ, ಬಸ್ ಟೈಮ್ ಬದಲಾಯಿಸಿ ಅಂತ ಬಸ್ ಡಿಪೋ ಮ್ಯಾನೇಜರ್‌ಗೆ. ನಮ್ಮ ಮಕ್ಕಳಲ್ಲಿ ಸುಮಾರು ಜನ ಸುತ್ತಲಿನ ಹಳ್ಳಿಗಳಿಂದ ಬರ್ತಾರೆ, ಸಂಜೆ ಬಸ್ಸು ಸ್ಕೂಲ್ ಬಿಡೋಕೆ ಮುಂಚೆನೇ ಹೊರಟುಹೋಗುತ್ತೆ. ಎಸ್ಸೆಸ್ಸೆಲ್ಸಿ ಪೇಪರಲ್ಲೂ ಇಂಥದ್ದೇ ಲೆಟರ್ ಬರುತ್ತೆ, ಎಲ್ಲರೂ ‘ಐ ವುಡ್ ಲೈಕ್ ಟು ಬ್ರಿಂಗ್ ಟು ಯುವರ್ ಕೈಂಡ್ ನೋಟಿಸ್’ ಅಂತ ಶುರು ಮಾಡಿ ನಮಗೆ ತುಂಬಾ ಕಷ್ಟ ಆಗ್ತಿದೆ ಅಂತ ಮುಗಿಸ್ತಾರೆ. ಫಾರ್ಮ್ಯಾಟ್ ಇರ್ಲಿ, ಅದಕ್ಕೆ ಮಾರ್ಕ್ಸ್ ಇದೆ. ಆದ್ರೆ ನಮ್ಮ ಕಷ್ಟ ನಮಗೆ ಗೊತ್ತು, ಡಿಪೋ ಮ್ಯಾನೇಜರ್‌ಗೆ ಏನು ಬೇಕು? ಕಲೆಕ್ಷನ್ ಅಂದ್ರು ಮಕ್ಕಳು. ಹುಡುಗೀರಿಗೆ 2023ರಿಂದ ಶಕ್ತಿ ಯೋಜನೆಲಿ ಫ್ರೀ, ಅವರು ಹತ್ತಿದ್ರೆ ಡಿಪೋಗೇನು ಬರುತ್ತೆ ಅಂತ ಒಬ್ಬ ತೆಗೆದ, ತಕ್ಷಣ ಒಬ್ಳು ಎದ್ದು ನಿಂತು ಫ್ರೀ ಆದ್ರೂ ಝೀರೋ ಟಿಕೆಟ್ ಹರೀತಾರಲ್ಲ, ಆ ಲೆಕ್ಕದ ಮೇಲೆ ಸರ್ಕಾರ ದುಡ್ಡು ಕೊಡುತ್ತೆ ಅಂದ್ಳು. ಸರಿ, ಯಾವ ಊರಿಂದ ಎಷ್ಟು ಜನ ಅಂತ ಅವರೇ ಪಟ್ಟಿ ಮಾಡಿದ್ರು, ಈಗಿನ ಟೈಮಲ್ಲಿ ಬಸ್ಸು ಖಾಲಿ ಹೋಗೋದನ್ನೂ ಸ್ಟಾಪಲ್ಲಿ ನಿಂತು ಬರ್ಕೊಂಡ್ರು, ಪತ್ರದ ಮೊದಲ ಪ್ಯಾರಾದಲ್ಲೇ ಆ ಅಂಕಿ ಹಾಕಿದ್ರು.

ಇಂಗ್ಲಿಷಲ್ಲಿ ಬರೆದಿದ್ದನ್ನ ಕನ್ನಡಕ್ಕೆ ಮಾಡಿ ಕಳಿಸಿದ್ವಿ. ಡ್ರೈವರ್ ಡ್ಯೂಟಿ ಮುಗಿಯೋ ಹೊತ್ತು, ಬದಲಾಯಿಸೋಕೆ ಆಗಲ್ಲ ಅಂತ ಉತ್ತರ ಬಂತು. ಮಕ್ಕಳಿಗೆ ಸ್ವಲ್ಪ ಬೇಜಾರಾಯ್ತು, ನನಗಂತೂ ಆ ಉತ್ತರ ಪಾಠಕ್ಕೆ ಬೇಕೇ ಬೇಕಿತ್ತು, ಎದುರು ವಾದನ ಹೇಗೆ ಎದುರಿಸೋದು ಅಂತ ಕಲ್ಪನೆ ಮಾಡಿ ಹೇಳ್ಕೊಡೋ ಅಗತ್ಯಾನೇ ಇರ್ಲಿಲ್ಲ. ನಿಮ್ಮ ಡ್ಯೂಟಿ ಸಮಸ್ಯೆ ನಮಗೆ ಅರ್ಥ ಆಗುತ್ತೆ ಅನ್ನೋ ವಾಕ್ಯದಿಂದ ಎರಡನೇ ಪತ್ರ ಶುರುವಾಗಿದೆ, ಅದೇ ರೂಟಲ್ಲಿ ಆಮೇಲೆ ಬರೋ ಇನ್ನೊಂದು ಬಸ್ಸನ್ನ ನಮ್ಮ ಸ್ಟಾಪ್ ಮೇಲೆ ತಿರುಗಿಸಿದ್ರೆ ಸಾಕು ಅನ್ನೋದು ಅವರ ಹೊಸ ಪಾಯಿಂಟ್. ಆ ಬಸ್ಸು ಎಷ್ಟು ಸುತ್ತು ಹಾಕ್ಬೇಕಾಗುತ್ತೆ, ಕಿಲೋಮೀಟರ್ ಎಷ್ಟು ಅಂತ ಈ ವಾರ ಲೆಕ್ಕ ಹಾಕ್ತಿದ್ದಾರೆ.