ಕಾಯಿಲ್ ಸರಿಯಾಗಿಯೇ ಇತ್ತು

ನಮ್ಮ ಬೇಸ್‌ಮೆಂಟಿನಲ್ಲಿ ಒಂದು ಪಿನ್‌ಬಾಲ್ ಯಂತ್ರ ಇದೆ. ಇಳಿಜಾರು ಹಲಗೆಯ ಮೇಲೆ ಉರುಳುವ ಚೆಂಡನ್ನು ಕೆಳಗೆ ಬೀಳದಂತೆ ಹೊಡೆದು ಹೊಡೆದು ಅಂಕ ಗಳಿಸುವ ಆಟ. ಗಾಟ್ಲೀಬ್ ಕಂಪನಿಯ 'ರಾಯಲ್ ಫ್ಲಶ್', 1976ರದ್ದು. ನಾಲ್ಕು ಜನ ಸರದಿ ಮೇಲೆ ಆಡಬಹುದು. ಒಳಗೆ ಕಂಪ್ಯೂಟರ್ ಇಲ್ಲ, ಚಿಪ್ ಇಲ್ಲ. ರಿಲೇ (ಕರೆಂಟಿನಿಂದ ಆಡುವ ಸ್ವಿಚ್), ಕಾಯಿಲ್ (ಕರೆಂಟ್ ಹರಿದರೆ ಕಬ್ಬಿಣ ಎಳೆಯುವ ತಂತಿಯ ಸುರುಳಿ), ಸ್ಪ್ರಿಂಗ್, ಹಲ್ಲಿನ ಚಕ್ರ, ಬಣ್ಣ ಬಣ್ಣದ ವೈರು, ಅಷ್ಟೇ. ಲೆಕ್ಕ ಮಾಡುವುದು, ಸರದಿ ಬದಲಿಸುವುದು, ಅಂಕ ತೋರಿಸುವುದು ಎಲ್ಲಾ ಟಕ ಟಕ ಅಂತ ಅವೇ ಮಾಡುತ್ತವೆ.

ನಾನಿರುವುದು ಶಿಕಾಗೋ ಪಕ್ಕದ ಊರಲ್ಲಿ. ಗಾಟ್ಲೀಬ್ ಫ್ಯಾಕ್ಟರಿ ಇದ್ದ ನಾರ್ತ್‌ಲೇಕ್ ಕೂಡ ಇದೇ ಶಿಕಾಗೋ ಮಗ್ಗುಲಲ್ಲೇ. ಫ್ಲಿಪ್ಪರ್ (ಬಟನ್ ಒತ್ತಿದರೆ ಎದ್ದು ಚೆಂಡು ಹೊಡೆಯುವ ಪುಟ್ಟ ಬ್ಯಾಟು) ಇರುವ ಮೊದಲ ಪಿನ್‌ಬಾಲ್, 1947ರ 'ಹಂಪ್ಟಿ ಡಂಪ್ಟಿ', ಬಂದದ್ದೂ ಇದೇ ಕಂಪನಿಯಿಂದ. ತಮಾಷೆ ಏನಪ್ಪಾ ಅಂದರೆ, ಜಗತ್ತಿಗೆಲ್ಲಾ ಪಿನ್‌ಬಾಲ್ ಮಾಡಿ ಕಳಿಸುತ್ತಿದ್ದ ಶಿಕಾಗೋದಲ್ಲೇ 1970ರ ದಶಕದ ಮಧ್ಯದವರೆಗೂ ಅದನ್ನು ಆಡಲು ನಿಷೇಧ ಇತ್ತು. ಜೂಜು ಅಂತ ಲೆಕ್ಕ.

ಯಂತ್ರ ಮನೆಗೆ ಬಂದಾಗ ಎಡಗಡೆಯ ಫ್ಲಿಪ್ಪರ್‌ಗೆ ಜೀವವೇ ಇರಲಿಲ್ಲ.  ಬಟನ್ ಒತ್ತಿದರೆ ಚೆಂಡು ಅರ್ಧ ದಾರಿ ಹತ್ತಿ, ಯೋಚನೆ ಮಾಡಿ, ವಾಪಸ್ ಇಳಿಯುತ್ತಿತ್ತು. ಮೇಲಿರುವ ಇಸ್ಪೀಟೆಲೆಯ ಟಾರ್ಗೆಟ್‌ಗಳಿಗೆ ತಾಗುವ ಮಾತೇ ಇಲ್ಲ. ನಾನು ಏನು ಮಾಡಿದೆ? ಕಾಯಿಲ್ ಹಳೇದಾಗಿದೆ ಅಂತ ತೀರ್ಮಾನ ಮಾಡಿ ಹೊಸ ಕಾಯಿಲ್ ತರಿಸಿ ಬೆಸುಗೆ ಹಾಕಿದೆ. ಏನೂ ಬದಲಾಗಲಿಲ್ಲ. ದುಡ್ಡು ದಂಡ.

ಆ ವಾರ ಹಾಸನದಲ್ಲಿರುವ ಚಿಕ್ಕಪ್ಪನಿಗೆ ಫೋನ್ ಮಾಡಿದಾಗ ಸುಮ್ನೆ ಹೇಳಿಕೊಂಡೆ. ಅವರದ್ದು ಸ್ಕೂಟರ್ ಗ್ಯಾರೇಜು. ಪಿನ್‌ಬಾಲ್ ಕಣ್ಣಲ್ಲೂ ನೋಡಿದವರಲ್ಲ. ಆದರೂ ಕೇಳಿದರು: "ಎಂಜಿನ್ ಬಿಡೋ, ಬುಷ್ ಹಿಡಿದು ಅಲ್ಲಾಡಿಸಿ ನೋಡಿದ್ಯಾ?"

ನೋಡಿರಲಿಲ್ಲ.

ಪ್ಲಗ್ ಕಿತ್ತು, ಗಾಜು ತೆಗೆದು, ಚೆಂಡು ಎತ್ತಿಟ್ಟು, ಆಟದ ಹಲಗೆಯನ್ನು ಮೇಲಕ್ಕೆತ್ತಿ ನಿಲ್ಲಿಸಿದೆ. (ಪ್ಲಗ್ ಕೀಳಲೇಬೇಕು. ಸ್ವಿಚ್ ಆಫ್ ಮಾಡಿದರೂ ಒಳಗೆ ಕೆಲವು ಕಡೆ ಕರೆಂಟ್ ಇರಬಹುದು.) ಫ್ಲಿಪ್ಪರ್ ಹಿಡಿದು ಅಲ್ಲಾಡಿಸಿದರೆ ಲೊಡ ಲೊಡ. ಫ್ಲಿಪ್ಪರಿನ ಕಡ್ಡಿ ಕೂತು ತಿರುಗುವ ಬಳೆ, ಅಂದರೆ ಬುಷ್, ಸೀಳಿತ್ತು. ಪ್ಲಂಜರ್ ಅಂದರೆ ಕಾಯಿಲ್ ಒಳಗೆ ಓಡಾಡುವ ಕಬ್ಬಿಣದ ಕಡ್ಡಿ. ಅದರ ತುದಿ ಐವತ್ತು ವರ್ಷ ಬಡಿದು ಬಡಿದು ಅಣಬೆಯ ಹಾಗೆ ಅರಳಿತ್ತು. ಅದು ಹೋಗಿ ಬಡಿದು ನಿಲ್ಲುವ ಕಾಯಿಲ್ ಸ್ಟಾಪ್‌ನಲ್ಲಿ ಬಟ್ಟಲಿನಂಥ ಒಂದು ಗುಳಿ ಬಿದ್ದಿತ್ತು. ಪ್ಲಂಜರನ್ನೂ ಫ್ಲಿಪ್ಪರ್ ತೋಳನ್ನೂ ಸೇರಿಸುವ ಲಿಂಕ್‌ನ ತೂತು ಉದ್ದಕ್ಕೆ ಸವೆದು ಮೊಟ್ಟೆಯಾಕಾರ ಆಗಿತ್ತು.

ಈ ತೂತೇ ನೋಡಿ ನನ್ನ ಕಣ್ಣು ತೆರೆಸಿದ್ದು. ಪ್ಲಂಜರ್ ಓಡುವುದೇ ಬೆರಳಗಲದಷ್ಟು. ಅದರಲ್ಲಿ ಲಿಂಕ್‌ನಲ್ಲಿ ಒಂದು ಮಿಲಿಮೀಟರ್, ಪಿನ್‌ನಲ್ಲಿ ಅರ್ಧ, ಬುಷ್‌ನಲ್ಲಿ ಇನ್ನರ್ಧ ಅಂತ ಹೋದರೆ, ಶುರುವಿನ ಜೋರೆಲ್ಲಾ ಆ ಸಡಿಲ ತುಂಬಿಸುವುದಕ್ಕೇ ಖರ್ಚು. ಫ್ಲಿಪ್ಪರ್ ತಲುಪುವಷ್ಟರಲ್ಲಿ ಉಳಿದದ್ದು ಎಷ್ಟೋ ಅಷ್ಟು.

ಬಿಡಿ ಭಾಗಗಳನ್ನು ನ್ಯೂಯಾರ್ಕ್ ರಾಜ್ಯದ ಪಿನ್‌ಬಾಲ್ ರಿಸೋರ್ಸ್‌ನಿಂದ ತರಿಸಿದೆ. ಗಾಟ್ಲೀಬ್ ಭಾಗಗಳಿಗೆ ನಾನು ಮೊದಲು ನೋಡುವುದು ಅಲ್ಲೇ. ಒಂದು ಮಾತು: ಈ ಯಂತ್ರದ ಫ್ಲಿಪ್ಪರ್ ಕಾಯಿಲ್ ಓಡುವುದು ಎ.ಸಿ. ಕರೆಂಟಿನಲ್ಲಿ. ಅದಕ್ಕೆ ಎ.ಸಿ. ಕಾಯಿಲ್ ಸ್ಟಾಪೇ ಬೇಕು. ಡಿ.ಸಿ.ಯದ್ದು ನೋಡಲು ಹಾಗೇ ಇರುತ್ತದೆ, ಹಾಕಿದರೆ ಕೂತೂ ಬಿಡುತ್ತದೆ. ಆಮೇಲೆ ಬಟನ್ ಒತ್ತಿ ಹಿಡಿದಾಗಲೆಲ್ಲಾ ಜೇನುಗೂಡಿನ ಸದ್ದು.

ಕಾಯಿಲ್ ಒಳಗಿನ ಹಳೆಯ ನೈಲಾನ್ ಸ್ಲೀವ್, ಅಂದರೆ ಪ್ಲಂಜರ್ ಜಾರುವ ಕೊಳವೆ, ಹೊರಗೆ ಎಳೆದರೆ ಒಳಗೆಲ್ಲಾ ಕಪ್ಪು ಅಂಟು. ಹಿಂದೆ ಯಾರೋ ಎಣ್ಣೆ ಸ್ಪ್ರೇ ಹೊಡೆದಿದ್ದರು. ಸ್ಲೀವ್ ಒಣಗಿಯೇ ಇರಬೇಕು. ಎಣ್ಣೆ ಹಾಕಿದರೆ ಒಂದು ವಾರ ಚೆನ್ನಾಗಿರುತ್ತದೆ, ಆಮೇಲೆ ಧೂಳು, ಕಬ್ಬಿಣದ ಪುಡಿ ಸೇರಿ ಮಸಿ ಕಟ್ಟುತ್ತದೆ. ಹೊಸ ಸ್ಲೀವ್ ಹಾಕಿ, ಹೊಸ ಪ್ಲಂಜರ್ ಬಿಟ್ಟು ನೋಡಿದೆ. ಬೆರಳು ತೆಗೆದ ಕೂಡಲೇ ತನ್ನ ಭಾರಕ್ಕೆ ಸರ್ರನೆ ಜಾರಿತು. ಹಾಗೆ ಜಾರಬೇಕು.

ಬುಷ್ ಬದಲಿಸಿ ತೋಳು ಬಿಗಿ ಮಾಡುವಾಗ ಸ್ವಲ್ಪ ಸಂದು ಬಿಡಬೇಕು, ಇಂಚಿನ ಮೂವತ್ತೆರಡನೇ ಒಂದು ಭಾಗ. ಬಿಡದಿದ್ದರೆ ಫ್ಲಿಪ್ಪರ್ ಹಲಗೆಗೆ ಉಜ್ಜಿಕೊಂಡು ಮೇಲಿನ ಬಣ್ಣ ಕೆರೆಯುತ್ತದೆ. ಅಳತೆಗೆ ಹಳೆಯ ಎ.ಟಿ.ಎಂ. ಕಾರ್ಡ್ ಸಾಕು, ಹೆಚ್ಚುಕಡಿಮೆ ಅಷ್ಟೇ ದಪ್ಪ. ಬುಷ್‌ಗೂ ತೋಳಿಗೂ ಮಧ್ಯೆ ಕಾರ್ಡ್ ಇಟ್ಟು ಸ್ಕ್ರೂ ಬಿಗಿ ಮಾಡಿ, ಆಮೇಲೆ ಎಳೆದುಕೊಂಡೆ.

ಇನ್ನು ಸ್ವಿಚ್. ಫ್ಲಿಪ್ಪರ್ ಕಾಯಿಲ್‌ನಲ್ಲಿ ಎರಡು ಸುತ್ತು ಇರುತ್ತವೆ. ದಪ್ಪ ತಂತಿಯದ್ದು ಎತ್ತಿ ಹೊಡೆಯುವುದಕ್ಕೆ, ಸಣ್ಣ ತಂತಿಯದ್ದು ಎತ್ತಿದ್ದನ್ನು ಹಿಡಿದಿಡುವುದಕ್ಕೆ. ಫ್ಲಿಪ್ಪರ್ ಪೂರ್ತಿ ಎದ್ದಾಗ ಒಂದು ಸ್ವಿಚ್ ತೆರೆದುಕೊಳ್ಳುತ್ತದೆ, ಆಗ ಸಣ್ಣ ತಂತಿಯೂ ದಾರಿಗೆ ಸೇರಿ ಕರೆಂಟ್ ಇಳಿಯುತ್ತದೆ. ನನ್ನ ಮೀಟರಿನಲ್ಲಿ ದಪ್ಪ ಸುತ್ತು ಮೂರು ಓಮಿನ ಆಸುಪಾಸು ತೋರಿಸಿತು. ಇಂಥ ಕಡೆ ಸ್ವಿಚ್ಚಿನ ಮೂತಿ ಸುಟ್ಟು ಒಂದು ಓಮ್ ತಡೆ ಬಂದರೂ ಕಾಯಿಲ್ ಸೊರಗುತ್ತದೆ. ಈ ಮೂತಿಗಳು ಟಂಗ್‌ಸ್ಟನ್. ಉಪ್ಪುಕಾಗದಕ್ಕೆ ಜಗ್ಗುವುದಿಲ್ಲ. ಸಣ್ಣ ಅರ ತೆಗೆದುಕೊಂಡು ಕಪ್ಪು ಹೋಗುವವರೆಗೆ ಉಜ್ಜಿದೆ. ಬಟನ್ ಹಿಂದಿನ ಸ್ವಿಚ್ಚಿಗೂ ಅದೇ ಉಪಚಾರ, ಪೂರ್ತಿ ಕರೆಂಟ್ ಅದರಲ್ಲೂ ಹಾಯುತ್ತದೆ. ನಿಜ ಹೇಳಬೇಕೆಂದರೆ ಅರ್ಧ ಬಲ ವಾಪಸ್ ಬಂದದ್ದು ಈ ಹತ್ತು ನಿಮಿಷದ ಕೆಲಸದಿಂದ.

ಎಲ್ಲಾ ಜೋಡಿಸಿ ಆನ್ ಮಾಡಿದೆ. ಚೆಂಡು ಚಿಮ್ಮಿ ಟಾರ್ಗೆಟ್ ಬೀಳಿಸಿತು. ಮಗಳನ್ನು ಕೂಗಿದೆ. ಅವಳಿಗೆ ಚೆಂಡನ್ನು ಫ್ಲಿಪ್ಪರ್ ಮೇಲೆ ಹಿಡಿದು ನಿಲ್ಲಿಸಿ ಗುರಿ ಇಡುವ ಚಟ. ಐದು ನಿಮಿಷ ಆಗಿರಬಹುದು.

"ಅಪ್ಪಾ, ಏನೋ ಸುಟ್ಟ ವಾಸನೆ ಬರ್ತಿದೆ."

ಪ್ಲಗ್ ಕಿತ್ತು ಹಲಗೆ ಎತ್ತಿದರೆ ಕಾಯಿಲ್ ಮುಟ್ಟಲಾಗದಷ್ಟು ಬಿಸಿ. ಸುತ್ತಿದ ಕಾಗದ ಕಂದು ತಿರುಗಿತ್ತು. ತಪ್ಪು ನನ್ನದೇ. ಹಳೆಯ ಕಾಯಿಲ್ ಸ್ಟಾಪಿನಲ್ಲಿ ಗುಳಿ ಬಿದ್ದಿದ್ದರಿಂದ ಪ್ಲಂಜರ್ ಅಷ್ಟು ಜಾಸ್ತಿ ಒಳಗೆ ಹೋಗುತ್ತಿತ್ತು. ಸ್ವಿಚ್ಚನ್ನು ಯಾರೋ ಆ ಓಟಕ್ಕೆ ಬಗ್ಗಿಸಿ ಹೊಂದಿಸಿದ್ದರು. ಹೊಸ ಸ್ಟಾಪ್ ಹಾಕಿದ ಮೇಲೆ ಓಟ ಕಡಿಮೆಯಾಯಿತು, ಸ್ವಿಚ್ ತೆರೆಯಲೇ ಇಲ್ಲ. ಅವಳು ಹಿಡಿದಷ್ಟು ಹೊತ್ತೂ ಪೂರ್ತಿ ಕರೆಂಟ್. ಸ್ವಿಚ್ಚಿನ ಎಲೆಯನ್ನು ಬುಡದಲ್ಲಿ ಸ್ವಲ್ಪವೇ ಬಗ್ಗಿಸಿದೆ. ಈಗ ಫ್ಲಿಪ್ಪರ್ ಪೂರ್ತಿ ಎದ್ದಾಗ ಮೂರು ಮಿಲಿಮೀಟರ್ ಸಂದು ಬರುತ್ತದೆ. ದಂಡ ಅಂದುಕೊಂಡಿದ್ದ ಹೊಸ ಕಾಯಿಲ್ ಸುಟ್ಟು, ತೆಗೆದಿಟ್ಟಿದ್ದ ಹಳೆಯ ಕಾಯಿಲನ್ನೇ ವಾಪಸ್ ಹಾಕಿದೆ. ಅದು 1976ರಿಂದ ಆರಾಮಾಗಿದೆ.

ಬಲಗಡೆಯದ್ದು ಒಂದು ಸಂಜೆಯಲ್ಲಿ ಮುಗಿಯಿತು. ಅದರ ಬಗ್ಗೆ ಹೇಳುವುದೇನೂ ಇಲ್ಲ.

ಬೋನಸ್ ಲೆಕ್ಕ ಇಡುವ ಸ್ಟೆಪ್ಪರ್, ಅಂದರೆ ಒಂದೊಂದೇ ಹೆಜ್ಜೆ ತಿರುಗುವ ಚಕ್ರ, ಮಾತ್ರ ಸತಾಯಿಸಿತು. ಅದರ ಗ್ರೀಸ್ ಗಟ್ಟಿಯಾಗಿ, ಚಳಿಗಾಲದಲ್ಲಿ ಡಬ್ಬದ ತಳ ಹಿಡಿದ ಜೋನಿ ಬೆಲ್ಲದ ಹಾಗಿತ್ತು. ಬಿಚ್ಚಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಮತ್ತೆ ಜೋಡಿಸಿದೆ. ಚಕ್ರ ಮುಂದಕ್ಕೆ ಹೆಜ್ಜೆ ಹಾಕಿತು, ಸೊನ್ನೆಗೆ ವಾಪಸ್ ಬರಲಿಲ್ಲ. ಬಿಚ್ಚುವಾಗ ಗಡಿಯಾರದಂಥ ಸುರುಳಿ ಸ್ಪ್ರಿಂಗಿಗೆ ಎಷ್ಟು ಸುತ್ತು ಕೊಟ್ಟಿದ್ದರು ಅಂತ ಎಣಿಸಿರಲಿಲ್ಲ. ಒಂದೊಂದೇ ಸುತ್ತು ಏರಿಸುತ್ತಾ, ಕೈಯಿಂದ ಬಿಟ್ಟು ಬಿಟ್ಟು ನೋಡುತ್ತಾ ಎರಡು ಸಂಜೆ ಹೋಯಿತು. ಜಾಸ್ತಿ ಸುತ್ತಿದರೆ ಮುಂದೆ ಹೋಗಲು ಮುಷ್ಕರ, ಕಡಿಮೆಯಾದರೆ ಹಿಂದೆ ಬರಲು. ಈಗ ಏನು ಬಿಚ್ಚಿದರೂ ಮೊದಲು ಫೋನಿನಲ್ಲಿ ವಿಡಿಯೋ, ಆಮೇಲೆ ಸ್ಕ್ರೂಡ್ರೈವರ್.

ಚಿಕ್ಕಪ್ಪನಿಗೂ ಒಂದು ವಿಡಿಯೋ ಕಳಿಸಿದೆ. ಆಟ ನೋಡಿ ಅವರು ಏನೂ ಹೇಳಲಿಲ್ಲ. "ಹಳೇ ಬುಷ್ ಎಸೀಬೇಡ, ಬರೋವಾಗ ತಗೊಂಡು ಬಾ, ನೋಡೋಣ" ಅಂದರು. ಸೂಟ್‌ಕೇಸಿನ ಮುಂದಿನ ಜೇಬಿನಲ್ಲಿ ಹಾಕಿಟ್ಟಿದ್ದೇನೆ. ಮೂರನೇ ಆಟಗಾರನ ಅಂಕದ ಚಕ್ರ ಇನ್ನೂ ಆರರ ಹತ್ತಿರ ಸಿಕ್ಕಿಕೊಳ್ಳುತ್ತದೆ. ನಮ್ಮ ಮನೇಲಿ ಮೂರೇ ಜನ. ಮೂರನೆಯವನು ನಾನೇ, ಹಾಗಾಗಿ ಯಾರೂ ಅವಸರ ಮಾಡುತ್ತಿಲ್ಲ.