ತೋಟ ಗುತ್ತಿಗೆಗೆ ಕೊಡುವ ಮೊದಲು ನಾಲ್ಕು ಜನರನ್ನು ಕೇಳೋದು ಹೇಗೆ?

ಶ್ರೀನಿವಾಸಪುರದ ಕಡೆ ತೋತಾಪುರಿ ಮಾವಿನ ಕಾಯಿ ನಿಂಬೆ ಗಾತ್ರಕ್ಕೆ ಬಂದರೆ ಸಾಕು, ವ್ಯಾಪಾರಿಗಳು ಇಡೀ ಫಸಲನ್ನು ಗುತ್ತಿಗೆಗೆ ಕೇಳುತ್ತಾ ತೋಟ ಸುತ್ತೋಕೆ ಶುರು ಮಾಡುತ್ತಾರೆ. ಆಗ ನಮ್ಮ ಕೈಯಲ್ಲಿ ಒಂದು ಲೆಕ್ಕ ಇರಬೇಕು: ಎಷ್ಟು ಟನ್ ಬರುತ್ತದೆ?

ಯಾರನ್ನೂ ಕೇಳುವ ಮೊದಲು ನೀವೇ ತೋಟ ನೋಡಿ, ನಿಮ್ಮ ಅಂದಾಜನ್ನು ಚೀಟಿಯಲ್ಲಿ ಬರೆದಿಡಿ. ಬರೆಯದಿದ್ದರೆ ಆಮೇಲೆ ಯಾರು ಏನೇ ಅಂದರೂ "ನಾನೂ ಅಷ್ಟೇ ಅಂದ್ಕೊಂಡಿದ್ದೆ" ಅನಿಸುತ್ತದೆ.

ಆಮೇಲೆ ಐದು ಜನರನ್ನು ಕರೆಯಿರಿ. ಒಟ್ಟಿಗೆ ಬೇಡ, ಒಬ್ಬೊಬ್ಬರನ್ನೇ. ಟೀ ಅಂಗಡಿಯಲ್ಲಂತೂ ಕೇಳಲೇಬೇಡಿ. ಅಲ್ಲಿ ಜೋರು ದನಿಯವನು ಮೊದಲು ಹದಿನೆಂಟು ಅಂದರೆ, ಉಳಿದವರೆಲ್ಲ ಹದಿನೇಳು, ಹತ್ತೊಂಬತ್ತು ಅಂತ ಅದರ ಸುತ್ತಲೇ ತಿರುಗುತ್ತಾರೆ. ಐದು ಬಾಯಿ, ಒಂದೇ ಮಾತು. "ಹದಿನೈದು ಬರಬಹುದಾ?" ಅಂತ ನೀವೂ ಸುಳಿವು ಕೊಡಬೇಡಿ. "ಎಷ್ಟು?" ಅಂತಷ್ಟೇ ಕೇಳಿ.

ಯಾರನ್ನು ಕರೆಯೋದು? ನಾನು ಬೇರೆ ಬೇರೆ ಕಣ್ಣಿನವರನ್ನು ಹುಡುಕುತ್ತೇನೆ. ಕಾಯಿ ಕೀಳಿಸುವ ಮೇಸ್ತ್ರಿಗೆ ಮರಕ್ಕೆ ಎಷ್ಟು ಕ್ರೇಟ್ ಅಂತ ಗೊತ್ತು. ಪಕ್ಕದ ತೋಟದವರಿಗೆ ಈ ಸಲದ ಮಳೆ, ಹೂವು ಎರಡೂ ಗೊತ್ತು. ಹೋದ ವರ್ಷಗಳ ತೂಕದ ಚೀಟಿ ನೋಡಿದವರು ಒಬ್ಬರು ಇರಲಿ. ವ್ಯಾಪಾರಿಯ ಸಂಖ್ಯೆಯನ್ನು ಇದರಲ್ಲಿ ಸೇರಿಸಬೇಡಿ. ಅದು ಅಂದಾಜಲ್ಲ, ಚೌಕಾಸಿ.

ಬಂದ ಸಂಖ್ಯೆಗಳನ್ನು ಸಾಲಾಗಿ ಜೋಡಿಸಿ, ನಡುವಿನದನ್ನು ಹಿಡಿಯಿರಿ. 9, 13, 14, 16, 25 ಬಂದರೆ 14. ಸರಾಸರಿ ತೆಗೆದರೆ ಆ 25 ಒಂದೇ ಲೆಕ್ಕವನ್ನು 15 ದಾಟಿಸಿಬಿಡುತ್ತದೆ. ಹಾಗಂತ 9 ಅಂದವರನ್ನು ನಕ್ಕು ಕಳಿಸಬೇಡಿ, ಯಾಕೆ ಅಂತ ಕೇಳಿ. ನೀವು ನೋಡದ ಮೂಲೆಯಲ್ಲಿ ರಸ ಹೀರುವ ಜಿಗಿಹುಳ ಅವರ ಕಣ್ಣಿಗೆ ಬಿದ್ದಿರಬಹುದು.

ಈ ನಡುವಿನ ಸಂಖ್ಯೆಯ ತಾಕತ್ತು ಸಣ್ಣದಲ್ಲ. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ ಮೇಳದಲ್ಲಿ ಎತ್ತಿನ ಮಾಂಸದ ತೂಕ ಊಹಿಸುವ ಪಂದ್ಯ ನಡೆಯಿತು. ಫ್ರಾನ್ಸಿಸ್ ಗಾಲ್ಟನ್ ಅನ್ನೋ ವಿಜ್ಞಾನಿ 787 ಚೀಟಿ ಜೋಡಿಸಿ ನೋಡಿದರೆ ನಡುವಿನದು 1207 ಪೌಂಡ್. ನಿಜವಾದ ತೂಕ 1198!

ಕಷ್ಟ ಇರೋದು ನಮ್ಮದೇ ಚೀಟಿಯಲ್ಲಿ. ಬೇರೆಯವರ ಸಂಖ್ಯೆ ಕೇಳಿದ ಮೇಲೂ ಜನ ತಮ್ಮದರಿಂದ ಸ್ವಲ್ಪವೇ ಸರಿಯುತ್ತಾರೆ ಅಂತ ಮನಶ್ಶಾಸ್ತ್ರದವರು ಮತ್ತೆ ಮತ್ತೆ ಕಂಡಿದ್ದಾರೆ. ನಮ್ಮ ಕಾರಣ ನಮಗೆ ಗೊತ್ತು, ಅವರದು ಗೊತ್ತಿಲ್ಲ, ಅಲ್ವಾ? ಅದಕ್ಕೆ ನನ್ನ ಚೀಟಿಯನ್ನೂ ಆರನೆಯದಾಗಿ ಅದೇ ಸಾಲಿಗೆ ಹಾಕುತ್ತೇನೆ. ನಾನು 20 ಬರೆದಿದ್ದರೆ ನಡುವಿನ ಎರಡು 14, 16. ಅಂದರೆ 15 ಟನ್. ತೋಟ ನನ್ನದು ಅಂತ ನನಗೆ ಎರಡು ವೋಟಿಲ್ಲ.

ದರದ ಮಾತು ಬೇರೆ. ಚಿತ್ತೂರಿನ ಪಲ್ಪ್ ಫ್ಯಾಕ್ಟರಿಗಳು ಎಷ್ಟು ಕೊಳ್ಳುತ್ತವೆ ಅನ್ನೋದು ಈ ಐದು ಜನರಿಗೂ ಗೊತ್ತಿರೋದಿಲ್ಲ. ವ್ಯಾಪಾರಿ ಬಂದು "ಹತ್ತು ಟನ್ ಬಂದರೆ ಜಾಸ್ತಿ" ಅಂದಾಗ ನೀವು 15ರಿಂದ ಮಾತು ಶುರು ಮಾಡಿ.