ಹಳೇ ಫಾರ್ಮಾಲಿನ್ ಬಾಟಲಿ ಕೊಟ್ಟ ಕಾಟ

ನಾನು ಸುಳ್ಯದ ಕಡೆಯವನು. ನಮ್ಮಲ್ಲಿ ಫಾರ್ಮಿಕ್ ಆಸಿಡ್ ಅಂದ್ರೆ ರಬ್ಬರ್ ಹಾಲು ಹೆಪ್ಪುಗಟ್ಟಿಸೋಕೆ ಹಾಕುವ, ಮೂಗಿಗೆ ಹೊಡೆಯುವ ಆ ಆಸಿಡ್, ಅಷ್ಟೇ. ಅದರ ಉಪ್ಪು ಫಾರ್ಮೇಟ್. ಆ ಫಾರ್ಮೇಟ್ ತಿನ್ನುವ ಎಂಜೈಮಿನ ಹಿಂದೆ ತಿಂಗಳುಗಟ್ಟಲೆ ಅಲೆಯುತ್ತೇನೆ ಅಂತ ಆಗ ಅಂದುಕೊಂಡಿರಲಿಲ್ಲ.

ಎಂಜೈಮಿನ ಹೆಸರು ಫಾರ್ಮೇಟ್ ಡಿಹೈಡ್ರೋಜಿನೇಸ್. ನನ್ನದು ಕ್ಯಾಂಡಿಡಾ ಬೊಯ್ಡಿನಿ ಎಂಬ ಯೀಸ್ಟಿನದು. ಈ ಯೀಸ್ಟ್ ಮೆಥನಾಲ್ ಕುಡಿದೇ ಬದುಕಬಲ್ಲದು. ಮೆಥನಾಲ್ ಮೊದಲು ಫಾರ್ಮಾಲ್ಡಿಹೈಡ್ ಆಗುತ್ತದೆ, ಆಮೇಲೆ ಫಾರ್ಮೇಟ್. ಅದನ್ನು ನಮ್ಮ ಎಂಜೈಮ್ ಕಾರ್ಬನ್ ಡೈಆಕ್ಸೈಡ್ ಮಾಡಿ ಹೊರಗೆ ಕಳಿಸುತ್ತದೆ, ಹೈಡ್ರೋಜನ್ ಹೊರುವ ಎನ್‌ಎಡಿ ಎಂಬ ಅಣುವನ್ನು ಎನ್‌ಎಡಿಎಚ್ (ಹೈಡ್ರೋಜನ್ ಹೊತ್ತ ರೂಪ) ಮಾಡಿ ಇಟ್ಟುಕೊಳ್ಳುತ್ತದೆ. ವಿಷವೂ ಹೋಯಿತು, ಕೋಶಕ್ಕೆ ಶಕ್ತಿಯೂ ಸಿಕ್ಕಿತು. ನಮ್ಮ ಯಕೃತ್ತಿಗೆ ಈ ಸೌಲಭ್ಯ ಇಲ್ಲ. ಫೋಲೇಟ್ ಎಂಬ ವಿಟಮಿನ್ ನಂಬಿದ ನಿಧಾನದ ದಾರಿ ನಮ್ಮದು. ಕಳ್ಳಭಟ್ಟಿಯಲ್ಲಿ ಮೆಥನಾಲ್ ಬೆರೆತಾಗ ಜನ ಕಣ್ಣು ಕಳೆದುಕೊಳ್ಳುವುದು ಮೈಯಲ್ಲಿ ಉಳಿದ ಈ ಫಾರ್ಮೇಟಿನಿಂದಲೇ.

ಅಳೆಯೋದು ಸುಲಭ. ಎನ್‌ಎಡಿಎಚ್ 340 ನ್ಯಾನೊಮೀಟರ್ ಬೆಳಕು ಹೀರುತ್ತದೆ, ಎನ್‌ಎಡಿ ಹೀರುವುದಿಲ್ಲ. ಯಂತ್ರ ಈ ಹೀರುವಿಕೆಯನ್ನು ಗೆರೆಯಾಗಿ ತೋರಿಸುತ್ತದೆ. 1 ಮಿಲಿ ಕ್ಯುವೆಟ್‌ನಲ್ಲಿ (ಬೆಳಕು ಹಾಯಿಸುವ ಪುಟ್ಟ ಪಾರದರ್ಶಕ ಪಾತ್ರೆ) ಹೀರುವಿಕೆ ನಿಮಿಷಕ್ಕೆ 0.062 ಏರಿದರೆ ಸುಮಾರು 10 ನ್ಯಾನೊಮೋಲ್ ಎನ್‌ಎಡಿಎಚ್ ಆಯಿತು ಅಂತ ಲೆಕ್ಕ. ಈ ಎಂಜೈಮ್ ಸೋಮಾರಿ, ಸೆಕೆಂಡಿಗೆ ಬೆರಳೆಣಿಕೆಯ ಸುತ್ತು. ಹಾಗಾಗಿ ಸ್ವಲ್ಪ ಜಾಸ್ತಿಯೇ ಹಾಕಬೇಕು.

ಫಾರ್ಮೇಟ್ ಹಾಕಿದೆ, ಗೆರೆ ಏರಿತು. ಅಸಿಟೇಟ್, ಮೆಥನಾಲ್ ಹಾಕಿದೆ, ಅಲುಗಲಿಲ್ಲ. ಅಸಿಟೇಟ್ ವಿಷಯ ಸರಿಯೇ: ಫಾರ್ಮೇಟಿನಲ್ಲಿ ಹೈಡ್ರೋಜನ್ ಇರುವ ಜಾಗದಲ್ಲಿ ಅದಕ್ಕೆ ಮೀಥೈಲ್ ಗುಂಪಿದೆ. ಎನ್‌ಎಡಿಗೆ ಕೊಡೋಕೆ ಏನೂ ಇಲ್ಲ. ಎನ್‌ಎಡಿ ಬದಲು ಅದರದೇ ಜಾತಿಯ ಎನ್‌ಎಡಿಪಿ ಕೊಟ್ಟರೂ ಮುಟ್ಟಲಿಲ್ಲ ಅನ್ನಬಹುದು. ಎಂಜೈಮಿನ ಸರಪಳಿಯ 195ನೇ ಜಾಗದಲ್ಲಿ ಕೂತ ಆಸ್ಪಾರ್ಟೇಟ್ ಎಂಬ ಅಮೈನೊ ಆಮ್ಲದ ಋಣ ಚಾರ್ಜು ಎನ್‌ಎಡಿಪಿಯ ಹೆಚ್ಚಿನ ಫಾಸ್ಫೇಟನ್ನು ದೂರ ತಳ್ಳುತ್ತದೆ.

ಆದರೆ ಫಾರ್ಮಾಲ್ಡಿಹೈಡ್ ಹಾಕಿದಾಗಲೂ ಗೆರೆ ಏರಿತು! ಹೊಸದೇನೋ ಸಿಕ್ಕಿತು ಅಂತ ಅವತ್ತು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಮರುದಿನ ನೋಡಿದರೆ ಗೆರೆ ಸ್ವಲ್ಪ ದೂರ ಹೋಗಿ ಚಪ್ಪಟೆಯಾಗುತ್ತಿತ್ತು. ಎಂಜೈಮ್ ಎರಡು ಪಟ್ಟು ಹಾಕಿದೆ. ಬೇಗ ಏರಿತು, ಆದರೆ ನಿಂತದ್ದು ಅದೇ ಎತ್ತರಕ್ಕೆ. ಅಂದರೆ ಅಷ್ಟೇ ಅಷ್ಟು ಏನೋ ಇತ್ತು, ಅದು ಮುಗಿಯಿತು. ಬಾಟಲಿ ಮುಚ್ಚಳ ತೆಗೆದು ಲೇಬಲ್ ಓದಿದೆ. ವರ್ಷಗಳ ಹಿಂದೆ ತೆರೆದ ಫಾರ್ಮಾಲಿನ್, ಅಂದ್ರೆ ನೀರಲ್ಲಿ ಕರಗಿಸಿದ ಫಾರ್ಮಾಲ್ಡಿಹೈಡ್! ಹಳೆಯದಾದಂತೆ ಅದರಲ್ಲಿ ಫಾರ್ಮಿಕ್ ಆಸಿಡ್ ಕೂಡುತ್ತದೆ ಅಲ್ವಾ. ಪ್ಯಾರಾಫಾರ್ಮಾಲ್ಡಿಹೈಡ್ ಪುಡಿ ಬಿಸಿ ಮಾಡಿ ಹೊಸದಾಗಿ ತಯಾರಿಸಿದೆ. ಗೆರೆ ಸುಮ್ನೆ ಮಲಗಿತ್ತು. ಫಾರ್ಮಾಲ್ಡಿಹೈಡ್ ಎಂಜೈಮನ್ನೇ ಕೊಂದಿರಬಹುದಲ್ಲ ಅಂತ ಅದೇ ಕ್ಯುವೆಟ್‌ಗೆ ಒಂದಿಷ್ಟು ಫಾರ್ಮೇಟ್ ಹಾಕಿದೆ. ತಕ್ಷಣ ಏರಿತು.

ಅದಾದ ಮೇಲೆ ನಾನು ಸೋಡಿಯಂ ಅಜೈಡನ್ನೂ ಪಕ್ಕದಲ್ಲೇ ಇಟ್ಟುಕೊಳ್ಳುತ್ತೇನೆ. ಅದರ ಆಕಾರ ಕಾರ್ಬನ್ ಡೈಆಕ್ಸೈಡಿನ ಹಾಗೇ ನೆಟ್ಟಗೆ, ಎಂಜೈಮ್ ಮೋಸ ಹೋಗಿ ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಕೆಲಸ ನಿಲ್ಲುತ್ತದೆ. ಗೆರೆ ಏರುತ್ತಿರುವಾಗ ಒಂದು ಹನಿ ಹಾಕಿದರೆ ಸಾಕು. ನಿಂತರೆ ಅದು ನಮ್ಮ ಎಂಜೈಮಿನದೇ ಕೆಲಸ. ಕೆಲವರು ಬೂಸ್ಟು ಹಿಡಿಯದಿರಲಿ ಅಂತ ಫ್ರಿಜ್‌ನಲ್ಲಿಡುವ ಬಫರ್ ದ್ರಾವಣಕ್ಕೂ ಇದನ್ನು ಹಾಕಿಟ್ಟಿರುತ್ತಾರೆ. ಅಂಥ ಬಾಟಲಿಗೆ ಕೈ ಹಾಕುವ ಮುಂಚೆ ಲೇಬಲ್ ಪೂರ್ತಿ ಓದಿ.